ಮೋಟಾರಿನ ರೇಡಿಯೇಟರು: ಲೋಹ ಲೇಸೋ, ಪ್ಲಾಸ್ಟಿಕ್ಕು ಲೇಸೋ?

ನಮ್ಮ ಬಾಲ್ಯದಲ್ಲಿ ಗೃಹಸ್ಥನಾದವನು ಹಸುವಿನ ಮೇವು, ಬಾವಿಯ ಹಗ್ಗ, ಬಚ್ಚಲ ಮನೆಯ ಹಂಡೆ ಇವುಗಳ ಯೋಗಕ್ಷೇಮವನ್ನು ವಿಚಾರಿಸಿಕೊಂಡರೆ ಸಾಕಾಗಿತ್ತು. ಈಗಿನ ಕಾಲವು ಹಾಗಿಲ್ಲ. ಮಧ್ಯಮ ಸ್ಥಿತಿಯ ಕುಟುಂಬದವರ ಮನೆಯ ಮುಂದೆಯೂ ಒಂದು ಮೋಟಾರು ಕಾರು ನಿಂತಿರುವುದು ಸಾಮಾನ್ಯವಾಗಿದೆ. ಆದರೆ ಹಸುವಿನ ಕಿವಿಯನ್ನು ಮುಟ್ಟಿ ಅದರ ಜ್ವರವನ್ನು ತಿಳಿಯುತ್ತಿದ್ದ ನಾವು, ಕಾರಿನ ಜ್ವರವನ್ನು ತಿಳಿಯುವ ಬಗೆಯನ್ನು ಮಾತ್ರ ಕಲಿಯಲಿಲ್ಲ. ಕೀಲಿಯನ್ನು ತಿರುಗಿಸಿದರೆ ಅದು ಹೊರಡುತ್ತದೆ. ಹೊರಡದಿದ್ದರೆ ಮೆಕ್ಯಾನಿಕ್ಕಿಗೆ ಹೇಳಿಕಳುಹಿಸುತ್ತೇವೆ. ಇಷ್ಟೇ ನಮ್ಮ ಪಾಂಡಿತ್ಯ. ಈ ಅಜ್ಞಾನದ ಫಲವಾಗಿ ನಮ್ಮ ಸಂಸಾರಕ್ಕೆ ಒದಗಿದ ಒಂದು ಸಂಕಟವನ್ನೂ, ಅದರ ತರುವಾಯ ನಾವು ವಿಚಾರಿಸಿ ತಿಳಿದುಕೊಂಡ ಕೆಲವು ಸಂಗತಿಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾರಿನ ಮೂತಿಯ ಹಿಂದೆ ಜಾಲರಿಯಂತೆ ಕಾಣುವ, ಎಂಜಿನ್ನಿನ ನೀರನ್ನು ತಣಿಸತಕ್ಕ ಸಾಧನಕ್ಕೆ ರೇಡಿಯೇಟರೆಂದು ಹೆಸರು. ಹಿಂದೆ ಇದನ್ನು ತಾಮ್ರ ಹಿತ್ತಾಳೆಗಳಿಂದ ಮಾಡುತ್ತಿದ್ದರು. ಈಗಿನ ಕಾರುಗಳಲ್ಲಿ ಅದರ ಎರಡು ತುದಿಗಳ ತೊಟ್ಟಿಗಳು ಪ್ಲಾಸ್ಟಿಕ್ಕಿನವು. “ಲೋಹ ಹೋಗಿ ಪ್ಲಾಸ್ಟಿಕ್ಕು ಬಂತು; ಅದರೊಡನೆ ಬಾಳಿಕೆಯೂ ಹೋಯಿತು” ಎಂಬ ಮಾತನ್ನು ಕಾರುಳ್ಳವರ ಬಾಯಲ್ಲಿ ಆಗಾಗ ಕೇಳುತ್ತೇವೆ. ನಾವು ಈ ಮಾತನ್ನು ಕೇಳಿದವರಷ್ಟೇ ಅಲ್ಲ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಆಡಿದವರು. ಹಿತ್ತಾಳೆಯ ಕೊಡ ಮೂರು ತಲೆಮಾರು ಬಾಳಿತು, ಪ್ಲಾಸ್ಟಿಕ್ ಕೊಡ ಮೂರು ಬೇಸಗೆ ಬಾಳಲಿಲ್ಲ ಎಂಬ ದೃಷ್ಟಾಂತವನ್ನೂ ಅದಕ್ಕೆ ಸೇರಿಸುತ್ತಿದ್ದೆವು. ದೃಷ್ಟಾಂತವು ಸುಳ್ಳಲ್ಲ. ಅದರಿಂದ ನಾವು ತೆಗೆದ ಸಿದ್ಧಾಂತವು ಎಷ್ಟು ಸರಿ ಎಂಬುದೇ ಪ್ರಶ್ನೆ.

ಕಳೆದ ವೈಶಾಖ ಮಾಸದಲ್ಲಿ ನಾವು, ನಮ್ಮ ಮನೆಯವರು, ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಹೀಗೆ ಐವರು ಉಡುಪಿಯ ದರ್ಶನವನ್ನು ಮುಗಿಸಿಕೊಂಡು ಶೃಂಗೇರಿಗೆ ಹೊರಟೆವು. ಸೋಮೇಶ್ವರವನ್ನು ಬಿಟ್ಟು ಆಗುಂಬೆಯ ಘಾಟಿಯನ್ನು ಹತ್ತತೊಡಗಿದಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಮೊಮ್ಮಗಳು, “ತಾತಾ, ಹೊಗೆ!” ಎಂದು ಕೂಗಿದಳು. ಕಾರಿನ ಮುಂಭಾಗದಿಂದ ಬೆಳ್ಳಗೆ ಏಳುತ್ತಿತ್ತು. ನಮ್ಮ ಮನೆಯವರು ಬೆಂಕಿಯೆಂದು ಗಾಬರಿಯಾದರು. ತರ್ಕಶಾಸ್ತ್ರದಲ್ಲಿ ದೂರದ ಆವಿಯನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸುವವನ ಉದಾಹರಣೆಯನ್ನು ನಾವು ಓದಿದ್ದುಂಟು. ಆ ದಿನ ಅದನ್ನು ಕಣ್ಣಾರೆ ಕಂಡೆವು. ಅದು ಹೊಗೆಯಲ್ಲ, ಆವಿ.

ಮಗನು ಒಡನೆಯೇ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಿದನು. ಅವನು ಆ ದಿನ ಮಾಡಿದ ಸರಿಯಾದ ಕೆಲಸ ಅದು. ಎರಡನೆಯ ಕೆಲಸವಾಗಿ ಮುಂದಿನ ಮುಚ್ಚಳವನ್ನೆತ್ತಿ, ಕೈಗೆ ವಸ್ತ್ರವನ್ನು ಸುತ್ತಿಕೊಂಡು ರೇಡಿಯೇಟರಿನ ಬಿರಡೆಯನ್ನು ತಿರುಗಿಸಲು ಹೋದನು. ಬೇಗ ನೀರು ಹಾಕೆಂದು ಅವಸರಪಡಿಸಿದವರು ನಾವೇ. ಅಷ್ಟರಲ್ಲಿ ಹಿಂದಿನಿಂದ ಬಂದ ಬಾಡಿಗೆ ಜೀಪೊಂದರ ಚಾಲಕನು ಹಾರಿ ಇಳಿದು, “ಮುಟ್ಟಬೇಡಿ ಸಾರ್, ಮುಖ ಸುಟ್ಟುಹೋಗ್ತದೆ!” ಎಂದು ಅವನ ತೋಳನ್ನು ಹಿಡಿದೆಳೆದನು. ಒಲೆಯ ಮೇಲೆ ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ತೆಗೆಯಲಾರಳು. ಅದೇ ಕೆಲಸವನ್ನು ಮಗನ ಕೈಯಿಂದ ಮಾಡಿಸಲು ಹೊರಟಿದ್ದೆವಲ್ಲಾ ಎಂಬುದನ್ನು ನೆನೆದರೆ ಈಗಲೂ ನಮ್ಮ ಮೈ ಜುಮ್ಮೆನ್ನುತ್ತದೆ.

ಮುಕ್ಕಾಲು ಗಂಟೆ ಕಾದ ಮೇಲೆ ಆ ಚಾಲಕನೇ ಬಿರಡೆಯನ್ನು ತೆಗೆದು ನೀರನ್ನು ಹೊಯ್ದನು. ಹೊಯ್ದ ನೀರೆಲ್ಲ ಪಕ್ಕದ ಪ್ಲಾಸ್ಟಿಕ್ ತೊಟ್ಟಿಯ ಗೇಣುದ್ದದ ಸೀಳಿನಿಂದ ದಾರಿಗೆ ಹರಿಯಿತು. ಅವನು ನಮ್ಮನ್ನು ತನ್ನ ಜೀಪಿನಲ್ಲಿಯೇ ಆಗುಂಬೆಗೆ ಮುಟ್ಟಿಸಿದನು. ಕೊಟ್ಟ ಹಣದಲ್ಲಿ ಅರ್ಧವನ್ನು ಹಿಂದಕ್ಕೆ ಕೊಟ್ಟನು. ಮಾರನೆಯ ದಿನ ಕಾರನ್ನು ಬೇರೊಂದು ವಾಹನಕ್ಕೆ ಕಟ್ಟಿ ತೀರ್ಥಹಳ್ಳಿಗೆ ತಂದು, ಶಿವಮೊಗ್ಗೆಯಿಂದ ಹೊಸ ರೇಡಿಯೇಟರನ್ನು ತರಿಸಿ ಕೂರಿಸಿದ್ದಾಯಿತು. ಶೃಂಗೇರಿಯ ದರ್ಶನವು ನಮಗೆ ಲಭಿಸಲಿಲ್ಲ. ಒಡೆದ ರೇಡಿಯೇಟರನ್ನು ನಾವು ಬಿಸಾಡಲಿಲ್ಲ. ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದೆವು. ಪ್ಲಾಸ್ಟಿಕ್ಕಿನ ಮೇಲೆ ನಾವು ಹೂಡಿದ್ದ ವ್ಯಾಜ್ಯಕ್ಕೆ ಅದೇ ಸಾಕ್ಷಿಯಾಗಬೇಕೆಂಬುದು ನಮ್ಮ ಇಚ್ಛೆಯಾಗಿತ್ತು.

ನಾವಿರುವುದು ತುಮಕೂರು ಜಿಲ್ಲೆಯ ಒಂದು ಬಯಲುಸೀಮೆಯ ಊರು. ಅಲ್ಲಿ ಬಸ್ ನಿಲ್ದಾಣದ ಹಿಂದೆ ನಲವತ್ತು ವರ್ಷಗಳಿಂದ ರೇಡಿಯೇಟರುಗಳ ಬೆಸುಗೆ ಕೆಲಸವನ್ನೇ ಮಾಡಿಕೊಂಡಿರುವ ವೃದ್ಧ ಸಾಹೇಬರೊಬ್ಬರಿದ್ದಾರೆ. ಅವರ ಇಬ್ಬರು ಮಕ್ಕಳೂ ನಮ್ಮ ಶಾಲೆಯಲ್ಲಿ ಓದಿದವರು. ನಾವು ಮಗನೊಡನೆ ಅವರ ಅಂಗಡಿಗೆ ಹೋಗಿ ಸಾಕ್ಷಿಯನ್ನು ಮುಂದಿಟ್ಟು, “ನೋಡಿ ಸಾಹೇಬರೇ, ನಿಮ್ಮ ತಾಮ್ರದ ಕಾಲವೇ ಚೆನ್ನಾಗಿತ್ತು” ಎಂದೆವು. ಅವರು ನಕ್ಕು, ಉತ್ತರ ಹೇಳದೆ, ತೊಟ್ಟಿಯ ಸುತ್ತಲಿನ ಲೋಹದ ಮಡಿಕೆಗಳನ್ನು ಬಿಡಿಸಿ ಅದನ್ನು ಬೇರೆ ಮಾಡಿದರು. ಕಪ್ಪಾಗಿರಬೇಕಾದ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಅಂಚನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು. ಆಮೇಲೆ ಅವರು ನಡುವಣ ಅಲ್ಯೂಮಿನಿಯಂ ಕೊಳವೆಗಳ ಬಾಯನ್ನು ನಮಗೆ ತೋರಿಸಿದರು. ಹಂಡೆಯ ತಳದಲ್ಲಿ ಕಟ್ಟುವಂತಹ ಬಿಳಿಯ ಸುಣ್ಣದ ಹಕ್ಕಳೆ ಅರ್ಧಕ್ಕರ್ಧ ಕೊಳವೆಗಳನ್ನು ಮುಚ್ಚಿಬಿಟ್ಟಿತ್ತು.

“ಇದಕ್ಕೆ ಯಾವ ನೀರು ಹಾಕ್ತಿದ್ರಿ ಮೇಷ್ಟ್ರೇ?” ಎಂದು ಸಾಹೇಬರು ಕೇಳಿದರು.

ನಾವು ಉತ್ತರ ಕೊಡಲಿಲ್ಲ. ಮಗನು ಬೀದಿಯ ಕಡೆಗೆ ನೋಡುತ್ತ ನಿಂತನು. ಸಂಗತಿಯೇನೆಂದರೆ, ಮೂರು ವರ್ಷಗಳ ಹಿಂದೆ ಅವನು ಕೂಲೆಂಟೆಂಬ ಬಣ್ಣದ ದ್ರವವನ್ನು ತರಬೇಕೆಂದು ಹೇಳಿದಾಗ, “ಮಂಜುಗಡ್ಡೆ ಕಟ್ಟುವ ದೇಶದವರಿಗೆ ಬೇಕಾದ ಔಷಧ ನಮಗೇಕೆ? ನಮ್ಮ ಬೋರ್‌ವೆಲ್ಲಿನಲ್ಲಿ ನೀರಿಲ್ಲವೇ?” ಎಂದು ತಡೆದವರು ನಾವು. ಅಂದಿನಿಂದ ಆ ಕಾರು ನಮ್ಮ ಮನೆಯ ಗಡಸು ನೀರನ್ನೇ ಕುಡಿದಿತ್ತು. ಮಗನು ಸಾಹೇಬರ ಮುಂದೆ ಈ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನಮಗೆ ಆಗುತ್ತಿದ್ದ ನಾಚಿಕೆಗಿಂತ ಎತ್ತದೆ ಇದ್ದುದರಿಂದ ಆದ ನಾಚಿಕೆಯೇ ಹೆಚ್ಚಿನದು. ಕೊನೆಗೆ ನಾವೇ ಇದ್ದುದನ್ನು ಇದ್ದಂತೆ ಹೇಳಿದೆವು. ಆ ದಿನದಿಂದ ಈ ವಿಷಯವನ್ನು ಬುಡದಿಂದ ತಿಳಿಯಬೇಕೆಂಬ ಹಟ ನಮಗೆ ಹುಟ್ಟಿತು. ತಿಳಿದುದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಎಂಜಿನ್ನಿಗೆ ನೀರು ಏತಕ್ಕೆ? ಪೆಟ್ರೋಲು ಉರಿಯುವಾಗ ಎಂಜಿನ್ನಿನೊಳಗಣ ಅನಿಲದ ಉಷ್ಣತೆಯು ಕ್ಷಣಕಾಲ ೨೦೦೦ ಡಿಗ್ರಿಗಳನ್ನು ಮೀರುತ್ತದೆ. ಅಲ್ಯೂಮಿನಿಯಂ ೬೬೦ ಡಿಗ್ರಿಯಲ್ಲಿಯೇ ಕರಗಿ ನೀರಾಗುವ ಲೋಹ. ಉರಿದ ಇಂಧನದ ಶಕ್ತಿಯಲ್ಲಿ ಚಕ್ರಗಳನ್ನು ತಿರುಗಿಸಲು ಒದಗುವುದು ಸ್ಥೂಲವಾಗಿ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಮಾತ್ರ. ಉಳಿದುದು ಶಾಖವಾಗಿ ಹೋಗತಕ್ಕದ್ದು. ಅದರಲ್ಲಿ ಒಂದು ದೊಡ್ಡ ಭಾಗ ಹೊಗೆಯ ಕೊಳವೆಯಿಂದ, ಇನ್ನೊಂದು ದೊಡ್ಡ ಭಾಗ ನೀರಿನ ಮೂಲಕ. ಪಂಪು ನೀರನ್ನು ಎಂಜಿನ್ನಿನ ಸುತ್ತಲೂ ಹರಿಯಿಸುತ್ತದೆ. ಕಾದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹರಿಯುವಾಗ, ಅವುಗಳ ನಡುವೆ ಹೆಣೆದ ತೆಳುವಾದ ಲೋಹದ ಪಟ್ಟಿಗಳ ಮೂಲಕ ತನ್ನ ಶಾಖವನ್ನು ಗಾಳಿಗೆ ಕೊಟ್ಟು ತಣಿದು ಹಿಂದಿರುಗುತ್ತದೆ. ರೇಡಿಯೇಟರೆಂಬ ಹೆಸರಿಗೆ ಶಾಖವನ್ನು ಕಿರಣರೂಪದಿಂದ ಹೊರಚೆಲ್ಲುವುದೆಂದು ಅರ್ಥ. ಆದರೆ ವಾಸ್ತವವಾಗಿ ಈ ಸಾಧನವು ತನ್ನ ಶಾಖದ ಬಹುಭಾಗವನ್ನು ಬೀಸುವ ಗಾಳಿಯ ಸ್ಪರ್ಶದಿಂದಲೇ ಕಳೆದುಕೊಳ್ಳುತ್ತದೆ.

ಮೋಟಾರಿನ ಆದಿಯಲ್ಲಿ ಈ ಏರ್ಪಾಡಿರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ ಎಂಬವರು ೧೮೮೬ರಲ್ಲಿ ಹಕ್ಕುಪತ್ರ ಪಡೆದ ಮೂರು ಚಕ್ರದ ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ನು ತಣಿಯಬೇಕಾಗಿತ್ತು. ೧೮೮೮ರ ಆಗಸ್ಟಿನಲ್ಲಿ ಅವರ ಪತ್ನಿ ಬರ್ಟಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಅಂತಹ ಬಂಡಿಯನ್ನು ನಡೆಸಿಕೊಂಡು ಹೋದಾಗ, ದಾರಿಯುದ್ದಕ್ಕೂ ಸಿಕ್ಕಿದ ಕಡೆಯಲ್ಲೆಲ್ಲ ನೀರು ತುಂಬಿಸಿಕೊಳ್ಳಬೇಕಾಯಿತು. ಮೋಟಾರಿನಲ್ಲಿ ದೂರಪ್ರಯಾಣ ಮಾಡಿದ ಮೊದಲ ವ್ಯಕ್ತಿಯು ತವರಿಗೆ ಹೊರಟ ಗೃಹಿಣಿಯೆಂಬುದು ನಮ್ಮ ವಾಚಕಿಯರಿಗೆ ಸಂತೋಷವನ್ನುಂಟುಮಾಡದಿರದು.

ನೀರಿನ ಈ ಕಷ್ಟವನ್ನು ಪರಿಹರಿಸಿದವರು ವಿಲ್‌ಹೆಲ್ಮ್ ಮೇಬಾಕ್ ಎಂಬ ಶಿಲ್ಪಿ. ೧೯೦೦ನೆಯ ಇಸವಿಯ ಕೊನೆಯಲ್ಲಿ ಸಿದ್ಧವಾದ ೩೫ ಅಶ್ವಶಕ್ತಿಯ ಮರ್ಸಿಡೀಸ್ ಬಂಡಿಗೆ ಅವರು ಜೇನುಹುಟ್ಟಿನಂತಹ ರೇಡಿಯೇಟರನ್ನು ರಚಿಸಿದರು. ಆರು ಮಿಲಿಮೀಟರು ಅಳತೆಯ ಚೌಕಾಕಾರದ ೮,೦೭೦ ಸಣ್ಣ ಕೊಳವೆಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಕೃತಿ ಅದು. ಗಾಳಿಯು ಕೊಳವೆಗಳೊಳಗೆ ತೂರಿ ಹೋಗುತ್ತಿತ್ತು. ನೀರು ಅವುಗಳ ಸಂದಿಯಲ್ಲಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಮುಕ್ಕಾಲು ಶತಮಾನದ ಕಾಲ ತಾಮ್ರ, ಹಿತ್ತಾಳೆ ಮತ್ತು ತವರ ಸೀಸಗಳ ಬೆಸುಗೆ ಇವೇ ರೇಡಿಯೇಟರಿನ ಮುಖ್ಯ ಸಾಮಗ್ರಿಗಳಾಗಿದ್ದವು. ಕೊಳವೆ ಮತ್ತು ತೊಟ್ಟಿಗಳಿಗೆ ಹಿತ್ತಾಳೆ, ಗಾಳಿಯ ಪಟ್ಟಿಗಳಿಗೆ ತಾಮ್ರ, ಕೀಲುಗಳಿಗೆ ಬೆಸುಗೆ.

ಇದನ್ನು ಬದಲಾಯಿಸಿದ ಕಾರಣವು ತೂಕ. ೧೯೭೩ರಲ್ಲಿ ತೈಲದ ಬೆಲೆಯು ಲೋಕದಲ್ಲೆಲ್ಲ ಹಠಾತ್ತಾಗಿ ಏರಿದ ಮೇಲೆ, ಕಾರಿನ ಪ್ರತಿಯೊಂದು ಅಂಗವನ್ನೂ ಹಗುರಗೊಳಿಸುವ ಪ್ರಯತ್ನವು ತೀವ್ರವಾಯಿತು. ತಾಮ್ರವು ಅಷ್ಟೇ ಗಾತ್ರದ ನೀರಿಗಿಂತ ೮.೯ ಪಟ್ಟು ತೂಗುತ್ತದೆ; ಅಲ್ಯೂಮಿನಿಯಂ ೨.೭ ಪಟ್ಟು, ಗಾಜಿನ ನಾರು ಬೆರೆಸಿದ ನೈಲಾನು ಸುಮಾರು ೧.೪ ಪಟ್ಟು. ಯುರೋಪಿನ ಕಾರುಗಳಲ್ಲಿ ೧೯೭೦ರ ದಶಕದಿಂದಲೂ, ತರುವಾಯ ಉಳಿದ ದೇಶಗಳಲ್ಲಿಯೂ, ಅಲ್ಯೂಮಿನಿಯಂ ಜಾಲರಿಗೆ ಪ್ಲಾಸ್ಟಿಕ್ ತೊಟ್ಟಿಗಳನ್ನು ಜೋಡಿಸುವ ಪದ್ಧತಿಯು ಹರಡಿತು. ತೊಟ್ಟಿಗೂ ಜಾಲರಿಗೂ ನಡುವೆ ರಬ್ಬರಿನ ಪಟ್ಟಿಯನ್ನಿಟ್ಟು, ಅಲ್ಯೂಮಿನಿಯಂ ಅಂಚನ್ನು ಸುತ್ತಲೂ ಮಡಿಸಿ ಬಿಗಿಯುತ್ತಾರೆ. ಅಚ್ಚಿನಲ್ಲಿ ಎರೆದ ತೊಟ್ಟಿಯಾದುದರಿಂದ ಕೊಳವೆಯ ಬಾಯಿ, ಹಿಡಿಕೆ ಮುಂತಾದುವೆಲ್ಲ ಒಂದೇ ಸಲಕ್ಕೆ ಸಿದ್ಧವಾಗುತ್ತವೆ, ವೆಚ್ಚವೂ ಇಳಿಯುತ್ತದೆ.

ಇಲ್ಲಿ ಒಂದು ಭ್ರಾಂತಿಯನ್ನು ಬಿಡಿಸಬೇಕು. ರೇಡಿಯೇಟರನ್ನೇ ಪ್ಲಾಸ್ಟಿಕ್ಕಿನಿಂದ ಮಾಡಿದ್ದಾರೆಂದು ಬಹಳ ಮಂದಿ ತಿಳಿದಿದ್ದಾರೆ. ಶಾಖವನ್ನು ಬಿಟ್ಟುಕೊಡುವ ಭಾಗವು ಇಂದಿಗೂ ಲೋಹವೇ. ಶಾಖವನ್ನು ಸಾಗಿಸುವ ಶಕ್ತಿಯಲ್ಲಿ ತಾಮ್ರವನ್ನು ೧೦೦ ಎಂದಿಟ್ಟುಕೊಂಡರೆ ಅಲ್ಯೂಮಿನಿಯಂ ಸುಮಾರು ೬೦, ಹಿತ್ತಾಳೆ ಸುಮಾರು ೩೦. ನೈಲಾನು ಒಂದರ ಹತ್ತನೆಯ ಒಂದು ಪಾಲೂ ಅಲ್ಲ. ತೊಟ್ಟಿಯ ಕೆಲಸ ನೀರನ್ನು ಕೊಳವೆಗಳಿಗೆ ಹಂಚುವುದು ಮತ್ತು ಕೂಡಿಸುವುದು ಮಾತ್ರ; ಅದು ಶಾಖವನ್ನು ಸಾಗಿಸಬೇಕಾಗಿಲ್ಲ. ಹಾಗಾದರೆ ತಾಮ್ರಕ್ಕಿಂತ ಕೆಳಗಿನ ಅಲ್ಯೂಮಿನಿಯಂ ಹೇಗೆ ಸಾಲುತ್ತದೆ ಎಂದರೆ, ಅದರ ಕೊಳವೆಗಳನ್ನು ಚಪ್ಪಟೆಯಾಗಿ, ಅಗಲವಾಗಿ ಮಾಡಬಹುದು. ಪಟ್ಟಿಗಳನ್ನು ಅದಕ್ಕೆ ಸೀಸದ ಬೆಸುಗೆಯಿಂದಲ್ಲದೆ ಕುಲುಮೆಯಲ್ಲಿ ಅದೇ ಜಾತಿಯ ಲೋಹದಿಂದ ಕೂಡಿಸುವುದರಿಂದ ಶಾಖದ ಹರಿವಿಗೆ ನಡುವೆ ಅಡ್ಡಿ ಕಡಿಮೆ.

ಇನ್ನೊಂದು ಭ್ರಾಂತಿಯೂ ಉಂಟು. ಪ್ಲಾಸ್ಟಿಕ್ಕು ಬಿಸಿನೀರಿನಲ್ಲಿ ಕರಗಿ ಒಡೆಯುತ್ತದೆಂದು ನಾವು ನಂಬಿದ್ದೆವು. ಈ ತೊಟ್ಟಿಗಳಿಗೆ ಸಾಮಾನ್ಯವಾಗಿ ಉಪಯೋಗಿಸುವ ನೈಲಾನ್ ೬೬ ಎಂಬುದು ಕರಗಲು ಸುಮಾರು ೨೬೦ ಡಿಗ್ರಿ ಬೇಕು. ತವರ ಸೀಸಗಳ ಸಾಮಾನ್ಯ ಬೆಸುಗೆಯಾದರೋ ೧೮೩ ಡಿಗ್ರಿಯಲ್ಲಿಯೇ ಕರಗಲಾರಂಭಿಸುತ್ತದೆ. ಕಾರಿನ ನೀರು ಸುಸ್ಥಿತಿಯಲ್ಲಿ ಇರುವುದು ೯೦ ಡಿಗ್ರಿಯ ಆಸುಪಾಸಿನಲ್ಲಿ. ರೇಡಿಯೇಟರಿನ ಬಿರಡೆಯು ಒಳಗೆ ಒತ್ತಡವನ್ನು ಹಿಡಿದಿಡುತ್ತದೆ. ಅದು ಹೆಚ್ಚುಕಡಿಮೆ ನಮ್ಮ ಅಡಿಗೆ ಮನೆಯ ಕುಕ್ಕರಿನಷ್ಟೇ ಒತ್ತಡ. ಅದರಿಂದ ನೀರು ನೂರರಲ್ಲಿ ಕುದಿಯದೆ ಸುಮಾರು ೧೨೦ರವರೆಗೆ ತಡೆಯುತ್ತದೆ. ಆದಕಾರಣ ಕರಗುವ ಪ್ರಶ್ನೆಯೇ ಇಲ್ಲ. ಪ್ಲಾಸ್ಟಿಕ್ಕಿನ ಮರಣಕ್ಕೆ ಕಾರಣ ಬೇರೆ.

ನೈಲಾನ್ ೬೬ ಎಂಬುದನ್ನು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರೋದರ್ಸ್ ಎಂಬ ವಿಜ್ಞಾನಿಯ ತಂಡವು ೧೯೩೫ರಲ್ಲಿ ಮೊದಲು ತಯಾರಿಸಿತು. ಎರಡು ದ್ರವ್ಯಗಳ ಕಣಗಳು ಸರಪಣಿಯಂತೆ ಕೂಡಿಕೊಳ್ಳುತ್ತವೆ. ಪ್ರತಿಯೊಂದು ಕೊಂಡಿ ಕೂಡುವಾಗಲೂ ಒಂದು ಕಣ ನೀರು ಹೊರಬೀಳುತ್ತದೆ. ನೀರನ್ನು ಹೊರದೂಡಿ ಹುಟ್ಟಿದ ಈ ವಸ್ತುವಿಗೆ ಬಿಸಿನೀರೇ ಶತ್ರು. ವರ್ಷಗಟ್ಟಲೆ ಬಿಸಿನೀರಿನ ಸಹವಾಸವಾದರೆ ನೀರಿನ ಕಣಗಳು ಮೆಲ್ಲಮೆಲ್ಲನೆ ಒಳಹೊಕ್ಕು ಆ ಕೊಂಡಿಗಳನ್ನು ಕಳಚುತ್ತ ಬರುತ್ತವೆ. ಹೊರಗಿನಿಂದ ಬಿಸಿ ಗಾಳಿಯು ಅದನ್ನು ಒಣಗಿಸಿ ಕಂದಿಸುತ್ತದೆ. ಇದಕ್ಕೆ ಬಲ ಕೊಡಲು ಮೂರನೆಯ ಒಂದು ಪಾಲಿನಷ್ಟು ಗಾಜಿನ ನಾರನ್ನು ಬೆರೆಸಿರುತ್ತಾರೆ. ಆದರೂ ದಿನಕ್ಕೆ ಹಲವು ಸಲ ಕಾಯುತ್ತ, ಆರುತ್ತ, ಹಿಗ್ಗುತ್ತ, ಕುಗ್ಗುತ್ತ ಇರುವ ತೊಟ್ಟಿಯು ಕಾಲಕ್ರಮದಲ್ಲಿ ತನ್ನ ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ. ನೀರಿನ ಬಿಸಿ ಹೆಚ್ಚಿದಷ್ಟೂ ಈ ಕ್ಷಯವು ವೇಗವಾಗುತ್ತದೆ. ನಮ್ಮ ಕಾರಿನಲ್ಲಿ ಆದುದೂ ಇದೇ. ಗಡಸು ನೀರಿನ ಸುಣ್ಣವು ಕೊಳವೆಗಳನ್ನು ಮುಚ್ಚಿತು. ಕೊಳವೆಗಳು ಮುಚ್ಚಿದುದರಿಂದ ನೀರು ತಣಿಯದೆ ಹೋಯಿತು. ತಣಿಯದ ನೀರು ಹನ್ನೆರಡು ವರ್ಷದ ಹಳೆಯ ತೊಟ್ಟಿಯನ್ನು ಬೇಯಿಸಿತು. ಘಾಟಿಯ ಶ್ರಮದಲ್ಲಿ ಅದು ಸೀಳಿತು. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು. ಬೀಳಿಸಿದ್ದು ಕಾಗೆಯೆಂದು ನಾವು ವಾದಿಸುತ್ತಿದ್ದೆವು.

ಹಾಗೆಂದು ತಾಮ್ರದ ಕಾಲವು ಸತ್ಯಯುಗವಾಗಿತ್ತೆಂದು ತಿಳಿಯಬೇಕಾಗಿಲ್ಲ. ೧೯೭೦ರ ದಶಕದಲ್ಲಿ ನಮ್ಮ ತಂದೆಯವರೊಡನೆ ಬಾಡಿಗೆ ಮೋಟಾರಿನಲ್ಲಿ ಘಾಟಿ ಹತ್ತುವಾಗ ಚಾಲಕನು ಎರಡು ತಗಡಿನ ಡಬ್ಬಿಗಳಲ್ಲಿ ನೀರನ್ನಿಟ್ಟುಕೊಂಡಿರುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ನಡುವೆ ಎರಡು ಸಲವಾದರೂ ನಿಲ್ಲಿಸಿ, ತೊರೆಯ ನೀರನ್ನು ತುಂಬಿ, ಆವಿಯಾರುವವರೆಗೆ ಬೀಡಿ ಸೇದಿ ಮುಂದೆ ಹೋಗುತ್ತಿದ್ದನು. ಅದನ್ನು ನಾವು ಪ್ರಯಾಣದ ಒಂದು ಅಂಗವೆಂದೇ ಎಣಿಸಿದ್ದೆವು. ದೋಷವೆಂದು ಯಾರೂ ಎಣಿಸಲಿಲ್ಲ. ಬೆಸುಗೆಯ ಕೀಲುಗಳು ಅದುರಿ ಬಿರಿಯುತ್ತಿದ್ದವು. ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತಿತ್ತು. “ಆಗ ದಿನಕ್ಕೆ ಆರು ರೇಡಿಯೇಟರು ಬರ್ತಿದ್ದವು ಮೇಷ್ಟ್ರೇ. ಕೆಡದೇ ಇದ್ದಿದ್ರೆ ನನ್ನ ಹೊಟ್ಟೆ ಹೇಗೆ ತುಂಬ್ತಿತ್ತು?” ಎಂದು ಸಾಹೇಬರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ಭೇದವೇನು? ಭೇದವು ಕೆಡುವ ರೀತಿಯಲ್ಲಿದೆ. ತಾಮ್ರ ಹಿತ್ತಾಳೆಗಳ ರೇಡಿಯೇಟರು ಮುನ್ಸೂಚನೆ ಕೊಟ್ಟು ಕೆಡುತ್ತದೆ. ಮೊದಲು ಹಸಿರು ಕಿಲುಬು, ಆಮೇಲೆ ತೊಟ್ಟಿಕ್ಕುವ ಹನಿ, ಆಮೇಲೆ ಸೋರಿಕೆ. ಸಾಹೇಬರಂತಹವರು ಅದನ್ನು ಬಿಚ್ಚಿ, ಕಂಬಿ ಹಾಯಿಸಿ ತೊಳೆದು, ಬೆಸುಗೆ ಹಾಕಿ ಮತ್ತೆ ಹತ್ತು ವರ್ಷ ನಡೆಯುವಂತೆ ಮಾಡಬಲ್ಲರು. ಅದು ಸತ್ತ ಮೇಲೂ ಗುಜರಿಯಲ್ಲಿ ತಾಮ್ರದ ಬೆಲೆಗೆ ಹೋಗುತ್ತದೆ. ಪ್ಲಾಸ್ಟಿಕ್ ತೊಟ್ಟಿಯದಾದರೋ ವರ್ಷಗಳ ಕಾಲ ಒಂದು ಹನಿಯೂ ಸೋರದೆ, ಬಡಿಸಿಕೊಳ್ಳದೆ, ಬೆಸೆಸಿಕೊಳ್ಳದೆ ಸೇವೆ ಮಾಡಿ, ಕೊನೆಗೆ ಹೇಳದೆ ಕೇಳದೆ ಸೀಳಿಬಿಡುತ್ತದೆ. ಅದಕ್ಕೆ ಬೆಸುಗೆ ಹಿಡಿಯದು. ಅಂಟು ಹಚ್ಚಿದರೆ ಊರು ಸೇರುವಷ್ಟರ ಮಟ್ಟಿಗೆ ಉಪಯೋಗವಾದೀತು, ನಂಬಿ ಬಾಳಲಾಗದು. ಕೆಲವು ಕಡೆ ತೊಟ್ಟಿಯನ್ನು ಮಾತ್ರ ಬದಲಾಯಿಸಿಕೊಡುವವರುಂಟು. ಬಹುಮಟ್ಟಿಗೆ ಇಡಿಯ ರೇಡಿಯೇಟರನ್ನೇ ಹೊಸದಾಗಿ ತರಬೇಕು.

ಈ ಭೇದದಿಂದ ಗೃಹಸ್ಥನ ಕರ್ತವ್ಯವೂ ಬೇರೆಯಾಗುತ್ತದೆ. ಲೋಹದ ರೇಡಿಯೇಟರನ್ನು ಕೆಟ್ಟ ಮೇಲೆ ಸರಿಮಾಡಿಸಿದರೆ ನಡೆಯುತ್ತಿತ್ತು. ಪ್ಲಾಸ್ಟಿಕ್ ತೊಟ್ಟಿಯದನ್ನು ಕೆಡುವುದಕ್ಕೆ ಮುಂಚೆ ಬದಲಾಯಿಸಬೇಕು. ತೊಟ್ಟಿಯ ಕಪ್ಪು ಬಣ್ಣವು ಕಂದಿಗೆ ತಿರುಗಿದರೆ, ಮಡಿಕೆಯ ಅಂಚಿನಲ್ಲಿ ಬಿಳಿಯ ಇಲ್ಲವೆ ಬಣ್ಣದ ಕಲೆ ಕಾಣಿಸಿದರೆ, ಕೊಳವೆಯ ಬಾಯಿಯ ಬಳಿ ಕೂದಲೆಳೆಯಂತಹ ಗೀರು ಮೂಡಿದರೆ, ಅದು ತನ್ನ ಆಯುಸ್ಸು ಮುಗಿಯಿತೆಂದು ಹೇಳುತ್ತಿದೆಯೆಂದು ತಿಳಿಯಬೇಕು. ಎಂಟು ಹತ್ತು ವರ್ಷ ಕಳೆದ ತೊಟ್ಟಿಯನ್ನು ದೂರಪ್ರಯಾಣಕ್ಕೆ ಮುಂಚೆ ಬಲ್ಲವರಿಗೆ ತೋರಿಸುವುದು ಲೇಸು. ಅದೇ ವೇಳೆಗೆ ರಬ್ಬರ್ ಕೊಳವೆಗಳನ್ನೂ, ಬಿರಡೆಯನ್ನೂ, ಫ್ಯಾನನ್ನೂ ನೋಡಿಸಬೇಕು.

ಇನ್ನು ಕೂಲೆಂಟಿನ ವಿಷಯ. ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ನೀರಿನೊಡನೆ ಸಮಪಾಲಾಗಿ ಬೆರೆಸಿದರೆ ಅದು ಸೊನ್ನೆಯ ಕೆಳಗೆ ಸುಮಾರು ೩೭ ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಈ ಗುಣ ನಮಗೆ ಬೇಡವೆಂದು ನಾವು ವಾದಿಸಿದುದು ಸರಿಯೇ. ಆದರೆ ಆ ಮಿಶ್ರಣವು ಬರಿಯ ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆಂಬುದನ್ನೂ, ಅದಕ್ಕಿಂತ ಮುಖ್ಯವಾಗಿ ಅದರಲ್ಲಿ ಲೋಹವು ಸವೆಯದಂತೆ ಕಾಯುವ ದ್ರವ್ಯಗಳು ಸೇರಿವೆಯೆಂಬುದನ್ನೂ ನಾವು ಅರಿತಿರಲಿಲ್ಲ. ಅಲ್ಯೂಮಿನಿಯಂ ಹುಳಿಗೂ ಸವೆಯುತ್ತದೆ, ಕ್ಷಾರಕ್ಕೂ ಸವೆಯುತ್ತದೆ. ಬೋರ್‌ವೆಲ್ಲಿನ ನೀರಿನ ಉಪ್ಪುಗಳು ಅದರಲ್ಲಿ ಸೂಜಿಮೊನೆಯಂತಹ ರಂಧ್ರಗಳನ್ನು ಕೊರೆಯುತ್ತವೆ. ಕಾಯುವ ದ್ರವ್ಯಗಳು ಕಾಲಕ್ರಮದಲ್ಲಿ ತೀರಿಹೋಗುವುದರಿಂದ ಕಾರಿನ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಕೂಲೆಂಟನ್ನು ಬದಲಾಯಿಸಬೇಕು; ಅಲ್ಲಿ ಹೇಳಿದ ಜಾತಿಯನ್ನೇ ಹಾಕಬೇಕು; ಬೆರೆಸುವುದಿದ್ದರೆ ಭಟ್ಟಿ ಇಳಿಸಿದ ನೀರನ್ನೇ ಬೆರೆಸಬೇಕು. ಈ ದ್ರವವು ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳ ಕೈಗೆ, ನಾಯಿ ದನಗಳ ಬಾಯಿಗೆ ಸಿಕ್ಕುವಂತೆ ಇಡಬಾರದು. ತೆಗೆದ ಹಳೆಯದನ್ನು ಅಂಗಳದಲ್ಲಿ ಚೆಲ್ಲಬಾರದು.

ಉಷ್ಣತೆಯ ಮುಳ್ಳು ಕೆಂಪಿಗೇರಿದರೆ ಅಥವಾ ಕೆಂಪು ದೀಪ ಹತ್ತಿದರೆ “ಇನ್ನು ನಾಲ್ಕೇ ಮೈಲಿ” ಎಂದು ಮುಂದುವರಿಯಬಾರದು. ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಪೂರ್ತಿಯಾಗಿ ಆರುವವರೆಗೆ ಬಿರಡೆಯನ್ನು ಮುಟ್ಟದಿರಬೇಕು. ನೀರಿಲ್ಲದ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ತನ್ನ ತಲೆಯ ಭಾಗವನ್ನು ಸೊಟ್ಟಗೆ ಮಾಡಿಕೊಳ್ಳಬಲ್ಲುದು. ಆಗ ಆಗುವ ವೆಚ್ಚದ ಮುಂದೆ ರೇಡಿಯೇಟರಿನ ಬೆಲೆ ಏನೂ ಅಲ್ಲ. ನಮ್ಮ ಎಂಜಿನ್ನು ಉಳಿದುದು ಮಗನು ಒಡನೆ ನಿಲ್ಲಿಸಿದುದರಿಂದ. ವಿದ್ಯುತ್ತಿನ ಕಾರು ಬಂದರೆ ಈ ತೊಂದರೆಯೆಲ್ಲ ತಪ್ಪುವುದೆಂದು ಕೆಲವರು ಹೇಳುವರು. ಅವುಗಳಲ್ಲಿಯೂ ಹಲವಕ್ಕೆ ಬ್ಯಾಟರಿಯನ್ನು ತಣಿಸಲು ದ್ರವವೂ ರೇಡಿಯೇಟರೂ ಬೇಕು.

ಹೊರಡುವಾಗ ನಾವು ಸಾಹೇಬರನ್ನು, “ಈಗ ಕೆಲಸ ಹೇಗೆ ನಡೆಯುತ್ತಿದೆ?” ಎಂದು ಕೇಳಿದೆವು. ಟ್ರಾಕ್ಟರುಗಳವೂ ಹಳೆಯ ಲಾರಿಗಳವೂ ಬರುತ್ತವೆಂದೂ, ವಾರದಲ್ಲಿ ಮೂರು ನಾಲ್ಕು ಬಂದರೆ ಹೆಚ್ಚೆಂದೂ ಹೇಳಿದರು. ಮಕ್ಕಳಿಗೆ ಕಸುಬನ್ನು ಕಲಿಸಲಿಲ್ಲವೇ ಎಂದುದಕ್ಕೆ, “ಸೀಸದ ಹೊಗೆ ನಾನು ಕುಡಿದದ್ದು ಸಾಕು. ಅವರು ನಿಮ್ಮ ಹತ್ರ ಓದಿದ್ದೇ ಒಳ್ಳೇದಾಯ್ತು” ಎಂದರು. ಸೀಸದ ಹೊಗೆಯು ರಕ್ತಕ್ಕೂ ನರಗಳಿಗೂ ಕೇಡು ಮಾಡುವುದೆಂಬುದು ವೈದ್ಯರೆಲ್ಲರೂ ಒಪ್ಪಿದ ವಿಷಯ. ನಾವು ಹಾಡಿಹೊಗಳುತ್ತಿದ್ದ ಬಾಳಿಕೆಯ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಅದುವರೆಗೆ ನಾವು ಯೋಚಿಸಿರಲಿಲ್ಲ.

ಲೋಹ ಲೇಸೋ, ಪ್ಲಾಸ್ಟಿಕ್ಕು ಲೇಸೋ ಎಂದು ಈಗ ಯಾರಾದರೂ ಕೇಳಿದರೆ ನಮ್ಮ ಉತ್ತರವಿದು. ರಿಪೇರಿಗೆ ಲೋಹ ಲೇಸು. ಹಗುರಕ್ಕೂ ಬೆಲೆಗೂ ಪ್ಲಾಸ್ಟಿಕ್ ತೊಟ್ಟಿ ಲೇಸು. ಆದರೆ ಎರಡರ ಆಯುಸ್ಸೂ ಒಳಗಿರುವ ನೀರಿನ ಶುದ್ಧಿಯಲ್ಲಿಯೂ ಒಡೆಯನ ಎಚ್ಚರದಲ್ಲಿಯೂ ಇದೆ. ನಮ್ಮ ಅಟ್ಟದ ಮೇಲೆ ತಾಯಿಯವರ ಕಾಲದ ತಾಮ್ರದ ಹಂಡೆ ಇನ್ನೂ ಇದೆ. ಅದು ಇಷ್ಟು ಕಾಲ ಉಳಿದುದು ತಾಮ್ರವ�ೆಂಬ ಒಂದೇ ಕಾರಣದಿಂದಲ್ಲ. ಅವರು ತಿಂಗಳಿಗೊಮ್ಮೆ ಹುಣಿಸೆಯ ಹಣ್ಣು ಹಚ್ಚಿ ಅದರ ಸುಣ್ಣವನ್ನು ಉಜ್ಜಿ ತೆಗೆಯುತ್ತಿದ್ದರು. ಈ ವರ್ಷದ ಪಂಚಾಂಗದ ಹಿಂದಿನ ಪುಟದಲ್ಲಿ ಕೂಲೆಂಟು ಹಾಕಿಸಿದ ತಾರೀಖನ್ನೂ ಮತ್ತೆ ಬದಲಾಯಿಸಬೇಕಾದ ತಾರೀಖನ್ನೂ ಬರೆದಿಟ್ಟಿದ್ದೇವೆ. ಬರೆದವರು ನಾವು, ಹೇಳಿ ಬರೆಯಿಸಿದವನು ಮಗ.